ಮಗುವಿನ ವಯಸ್ಸು ಕೇಳೋದು ಬರೀ ಬಿಲ್ಲಿಗಾ?

ಬರೀಬೇಕೋ ಬೇಡ್ವೋ ಅಂತ ಹದಿನೈದು ದಿನ ಸುಮ್ನಿದ್ದೆ. ಕೋಪ ಇಳೀಲಿಲ್ಲ, ಅದಕ್ಕೇ ಬರೀತಿದೀನಿ.

ಕಳೆದ ತಿಂಗಳು ರಜೆ ಹಾಕಿ ದೇಗಾಂವಕ್ಕೆ ಹೋಗಿದ್ದೆ. ಅವ್ವ ಹುಟ್ಟಿದಾಗಿಂದ ಸಮುದ್ರ ನೋಡಿರಲಿಲ್ಲ. ಸರಿ ಅಂತ ಅವ್ವ, ಅಕ್ಕ, ಮಾವ, ಅವರ ಮೂರು ವರ್ಷದ ಮಗ, ನಾನು ಎಲ್ಲಾ ಸೇರಿ ಕರಾವಳಿ ಕಡೆ ಹೊರಟ್ವಿ. ರೂಮು ಬುಕ್ ಮಾಡಿದ್ದು ನಾನೇ. ಫೋಟೋದಲ್ಲಿ ಬಾಲ್ಕನಿ, ಅದರಾಚೆ ನೀಲಿ ನೀರು. ಇನ್ನೇನು ಬೇಕು ಹೇಳಿ?

ಮೂರನೇ ಮಹಡಿ. ಒಳಗೆ ಬಂದು ಬ್ಯಾಗು ಕೆಳಗಿಟ್ಟಿದ್ದೆ ಅಷ್ಟೇ. ತಿರುಗಿ ನೋಡಿದ್ರೆ ಅಳಿಯ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿ ಹತ್ತಿ, ಹೊಟ್ಟೇನ ಕಂಬಿಗೆ ಆನಿಸಿ "ನೀರೂ..." ಅಂತ ಬಗ್ಗಿದ್ದ. ಮಾವ ಎರಡೇ ಹೆಜ್ಜೆಗೆ ಹೋಗಿ ಅಂಗಿ ಹಿಡಿದು ಎಳಕೊಂಡ್ರು.

ಏನೂ ಆಗ್ಲಿಲ್ಲ. ಆದ್ರೆ ಆಮೇಲೆ ಆದದ್ದು ಕೇಳಿ. ಅವ್ವ ಅಕ್ಕನ ಮೇಲೆ ಹರಿಹಾಯ್ದಳು, "ಲಕ್ಷ್ಯ ಎಲ್ಲಿತ್ತವಾ ನಿಂದು?" ಅಕ್ಕ ಬಚ್ಚಲಲ್ಲಿ ಅವನದೇ ಹಾಲಿನ ಬಾಟಲಿ ತೊಳೀತಿದ್ಲು. ರೂಮು ಆರಿಸಿದ ನನ್ನನ್ನ ಯಾರೂ ಬೈಲಿಲ್ಲ. ಪಕ್ಕದಲ್ಲೇ ಇದ್ದ ಮಾವನ್ನೂ ಬೈಲಿಲ್ಲ. ಅಕ್ಕ ರಾತ್ರಿಯೆಲ್ಲಾ ಅತ್ತಳು.

ನಾನು ಕೆಳಗೆ ಹೋಗಿ ಮ್ಯಾನೇಜರ್ ಹತ್ರ ಕೇಳಿದೆ. "ಸರ್, ಮಕ್ಕಳನ್ನ ನೀವೇ ನೋಡ್ಕೋಬೇಕು, ಬೋರ್ಡೇ ಹಾಕಿದೀವಲ್ಲ" ಅಂದ್ರು. ಬೋರ್ಡು ಇತ್ತು, ನಿಜ. ಆದ್ರೆ ಸ್ವಾಮಿ, ಬುಕ್ ಮಾಡುವಾಗ ಮಗುವಿನ ವಯಸ್ಸು ಕೇಳಿದ್ರಲ್ಲ? 3 ಅಂತ ತುಂಬಿದ್ದೆ. ಐದರ ಮೇಲಿದ್ರೆ ಎಕ್ಸ್‌ಟ್ರಾ ಬೆಡ್ಡಿಗೆ ದುಡ್ಡು ಹಾಕೋಕೆ ಆ ವಯಸ್ಸು ಬೇಕು. ಬಾಲ್ಕನಿಯ ಕುರ್ಚಿ ಒಳಗಿಡೋಕೆ ಮಾತ್ರ ಅದು ಯಾರಿಗೂ ನೆನಪಾಗಲ್ಲ!

ನಮ್ಮೂರ ಕಮಲನಾರಾಯಣ ಗುಡಿ ಕಟ್ಟಿ ಎಂಟುನೂರು ವರ್ಷ ಮೇಲಾಯ್ತು. ಕಟ್ಟಿದವನು ತಿಪ್ಪೋಜ ಅಂತ ಇವತ್ತಿಗೂ ಹೆಸರು ಹೇಳಬಹುದು. ಈ ಕಂಬಿ ಹಾಕಿಸಿದ್ದು ಯಾರು ಅಂತ ಕೇಳಿದ್ರೆ "ಕಾಂಟ್ರಾಕ್ಟರ್ ಸರ್" ಅನ್ನೋ ಉತ್ತರ.

ಕಂಬಿಯನ್ನ ಗೇಣು ಹಾಕಿ ಅಳೆದೆ. ನಾಲ್ಕೇ ಗೇಣು, ಒಂದು ಮೀಟರಿಗೂ ಕಮ್ಮಿ. ಮೇಲಾಗಿ ಪೈಪುಗಳೆಲ್ಲಾ ಅಡ್ಡಡ್ಡ, ಥೇಟ್ ಏಣಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಬಾಲ್ಕನಿಯ ಕಂಬಿ ಕನಿಷ್ಠ ಒಂದು ಮೀಟರ್ ಇರಲಿ ಅನ್ನುತ್ತೆ. ಆದ್ರೆ ಆ ಸಂಹಿತೆ ತಾನಾಗೇ ಕಾನೂನಲ್ಲ. ರಾಜ್ಯ ಸರ್ಕಾರವೋ ಸ್ಥಳೀಯ ಸಂಸ್ಥೆಯೋ ತಮ್ಮ ನಿಯಮದಲ್ಲಿ ಸೇರಿಸಿಕೊಂಡ್ರೆ ಮಾತ್ರ ಕಡ್ಡಾಯ.

ಒಂದು ಮೀಟರ್ ಇದ್ರೂ ಸಾಕಾ? ಲೆಕ್ಕ ಹಾಕಿ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಕುರ್ಚಿಯ ಎತ್ತರ 40ರ ಮೇಲೆ. ಕುರ್ಚಿ ಹತ್ತಿದ ಮಗುವಿಗೆ ಉಳಿಯೋ ತಡೆ 60ಕ್ಕಿಂತ ಕಮ್ಮಿ, ಅಂದ್ರೆ ಹೊಟ್ಟೆ ಮಟ್ಟ. ಚಿಕ್ಕ ಮಕ್ಕಳಿಗೆ ಮೈ ಅಳತೆಗೆ ಹೋಲಿಸಿದ್ರೆ ತಲೆ ಭಾರ, ಬಗ್ಗಿದ್ರೆ ಮುಗೀತು. ಅದಕ್ಕೇ ಬ್ರಿಟನ್ನಿನ ನಿಯಮದಲ್ಲಿ ಎತ್ತರ ಒಂದನ್ನೇ ನೋಡಲ್ಲ. ಐದು ವರ್ಷದೊಳಗಿನ ಮಕ್ಕಳು ಬರುವಂಥ ಕಟ್ಟಡದಲ್ಲಿ ಕಂಬಿಯ ಸಂದಿಯಲ್ಲಿ 100 ಮಿಲಿಮೀಟರಿನ ಚೆಂಡು ತೂರಬಾರದು, ಮಕ್ಕಳು ಸುಲಭವಾಗಿ ಹತ್ತೋ ಹಾಗಿರಬಾರದು.

"ತಾಯಿ ನೋಡ್ಕೋಬೇಕು" ಅನ್ನೋರಿಗೆ ಒಂದು ನೆನಪು ಮಾಡ್ತೀನಿ. 2024ರ ಏಪ್ರಿಲ್‌ನಲ್ಲಿ ಚೆನ್ನೈನ ಹತ್ತಿರ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಿಂದ ಎಳೇ ಮಗು ಜಾರಿ ಕೆಳಗಿನ ಶೀಟಿನ ಮೇಲೆ ಬಿತ್ತು. ನೆರೆಯವರು ಕಿಟಕಿ ಹತ್ತಿ ಮಗುವನ್ನ ಉಳಿಸಿದ್ರು. ಆ ವಿಡಿಯೋ ನೀವೂ ನೋಡಿರ್ತೀರಿ. ಮಗು ಉಳೀತು. ಊರೆಲ್ಲಾ ತಾಯಿಯನ್ನ ಬೈದು ಬರೀತು. ಮುಂದಿನ ತಿಂಗಳು ಆ ತಾಯಿ ಆತ್ಮಹತ್ಯೆ ಮಾಡ್ಕೊಂಡ್ರು. ಬೈದವರಲ್ಲಿ ಎಷ್ಟು ಜನ ತಮ್ಮ ಮನೆಯ ಬಾಲ್ಕನಿಗೆ ಜಾಳಿಗೆ ಹಾಕಿಸಿದ್ರು?

ನ್ಯೂಯಾರ್ಕಿನಲ್ಲೂ ಮಕ್ಕಳು ಕಿಟಕಿಯಿಂದ ಬೀಳ್ತಿದ್ರು. 1970ರ ದಶಕದ ಶುರುವಿನಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಮನೆ ಮನೆಗೆ ಹೋಗಿ ತಿಳಿಹೇಳಿತು. ಬರೀ ಬುದ್ಧಿ ಹೇಳಿ ಬರಲಿಲ್ಲ, ಕಿಟಕಿಗೆ ಪುಕ್ಕಟೆ ಸರಳನ್ನೂ ಕೊಟ್ಟಿತು. ಬ್ರಾಂಕ್ಸ್ ಭಾಗದಲ್ಲಿ 1973ರಿಂದ 1975ರೊಳಗೆ ಬೀಳೋ ಪ್ರಕರಣ ಅರ್ಧಕ್ಕೆ ಇಳೀತು. 1976ರಲ್ಲಿ, ಹತ್ತು ವರ್ಷದವರೆಗಿನ ಮಕ್ಕಳಿರೋ ಬಾಡಿಗೆ ಮನೆಗೆ ಸರಳು ಹಾಕಿಸೋದು ಮಾಲೀಕನ ಹೊಣೆ ಅಂತ ಕಾನೂನೇ ಬಂತು.

ಅಷ್ಟು ದೂರ ಯಾಕೆ? ನಮ್ಮ ಆಯಿ ಅಂಬೆಗಾಲಿಡೋ ಕೂಸಿದ್ರೆ ಹೊಸ್ತಿಲಿಗೆ ಅಡ್ಡ ಹಲಗೆ ಇಡ್ತಿದ್ಲು. ಹೊಲದ ಕೆಲಸ, ರೊಟ್ಟಿ ಬಡಿಯೋದು ಎಲ್ಲಾ ಇರುವಾಗ ಕಣ್ಣೊಂದನ್ನೇ ನಂಬಿದ್ರೆ ಆಗಲ್ಲ ಅಂತ ಓದು ಬರಹ ಬಾರದ ಅವಳಿಗೂ ಗೊತ್ತಿತ್ತು. ನನ್ನ ಕೆಲಸದಲ್ಲೂ ಅಷ್ಟೇ. ಒಂದು ಬಟನ್ ಒತ್ತಿದ್ರೆ ಡೇಟಾ ಎಲ್ಲಾ ಅಳಿಸಿ ಹೋಗೋ ಹಾಗೆ ಕೋಡ್ ಬರೆದು "ಬಳಸೋರು ಹುಷಾರಾಗಿರ್ಬೇಕು" ಅಂದ್ರೆ ಮ್ಯಾನೇಜರು ನನ್ನನ್ನೇ ಉಗೀತಾರೆ.

ಹೋಟೆಲಿನವರು ಇಡೀ ಕಟ್ಟಡ ಒಡೀಲಿ ಅಂತ ನಾನು ಹೇಳ್ತಿಲ್ಲ. ಇವತ್ತೇ ಮಾಡಬಹುದಾದ ಮೂರು ಕೆಲಸ: ಚಿಕ್ಕ ಮಕ್ಕಳಿರೋರಿಗೆ ಕೆಳಗಿನ ಮಹಡಿ ಕೊಡಿ. ಬಾಲ್ಕನಿಯಿಂದ ಕುರ್ಚಿ ಮೇಜು ತೆಗೆದಿಡಿ. ಬಾಲ್ಕನಿ ಬಾಗಿಲಿಗೆ ಮಕ್ಕಳ ಕೈಗೆ ಸಿಗದಷ್ಟು ಮೇಲೆ ಒಂದು ಚಿಲಕ ಹಾಕಿಸಿ. ಅಡ್ಡ ಪೈಪಿಗೆ ಒಳಗಿನಿಂದ ಹತ್ತಲಾಗದ ಶೀಟು ಹಾಕಿಸೋಕೆ ಬೇಕಿದ್ರೆ ಸ್ವಲ್ಪ ದಿನ ತಗೊಳ್ಳಿ. ನೀವೂ ಅಷ್ಟೇ, ಬುಕ್ ಮಾಡೋ ಮುಂಚೆ ಫೋನ್ ಹಚ್ಚಿ ಇದನ್ನೆಲ್ಲ ಕೇಳಿ. ಹತ್ತು ಜನ ಕೇಳಿದ್ರೆ ಚಿಲಕ ತಾನೇ ಬರುತ್ತೆ.

ಅಕ್ಕ ಇದನ್ನ ಓದ್ತಾಳೆ ಅಂತ ಗೊತ್ತು. ಅವತ್ತು ಅವ್ವನ ಮುಂದೆ ಬಾಯಿ ಬಿಡಲಿಲ್ಲ ನಾನು. ಅಕ್ಕಾ, ತಪ್ಪು ನಿಂದಲ್ಲ. ಆ ರೂಮು ಹಿಡಿದವನು ನಾನು, ಆ ಕುರ್ಚಿ ಅಲ್ಲಿಟ್ಟವರು ಅವರು.