ಹಲ್ಲಿನ ಬಿಳುಪು ಯಾರ ಕೈಯ ಕೆಲಸ?

ಹಲ್ಲನ್ನು ಬೆಳ್ಳಗೆ ಮಾಡುವುದು ಮುಖಕ್ಕೆ ಲೇಪ ಹಚ್ಚುವಂಥ ಅಲಂಕಾರವೋ, ದಂತವೈದ್ಯರ ಅಧೀನದಲ್ಲಿ ನಡೆಯತಕ್ಕ ಚಿಕಿತ್ಸೆಯೋ ಎಂಬ ವ್ಯಾಜ್ಯ ಇಂಗ್ಲೆಂಡಿನಲ್ಲಿ ನ್ಯಾಯಾಸ್ಥಾನದ ಮೆಟ್ಟಿಲೇರಿ, 2013ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಅದು ದಂತವೈದ್ಯವೃತ್ತಿಯೇ ಎಂದು ತೀರ್ಪಿತ್ತಿತು. ವೈದ್ಯರು ತಮ್ಮ ವರಮಾನಕ್ಕೆ ಕಟ್ಟಿಕೊಂಡ ಬೇಲಿ ಇದು ಎಂದು ಆಕ್ಷೇಪಿಸುವವರ ಮಾತನ್ನು ನಾನು ಒಪ್ಪಲಾರೆ. ಏಕೆಂದರೆ ಹಲ್ಲಿನ ರಚನೆಯನ್ನೂ ಔಷಧದ ಗುಣವನ್ನೂ ಬಲ್ಲವರಿಗೆ ಆ ತೀರ್ಪು ನ್ಯಾಯವಾದುದೆಂದೇ ತೋರುತ್ತದೆ.

ಹಲ್ಲಿನ ಹೊರಕವಚವಾದ ಎನಾಮೆಲ್ ಅರೆಪಾರದರ್ಶಕವಾದುದು. ನಮ್ಮ ಕಣ್ಣಿಗೆ ಕಾಣುವ ಹಳದಿಛಾಯೆಯು ಬಹುಮಟ್ಟಿಗೆ ಅದರ ಅಡಿಯಲ್ಲಿರುವ ಡೆಂಟಿನ್ನಿನದು. ಬಿಳುಪಿಗಾಗಿ ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಎನಾಮೆಲನ್ನು ತೂರಿ ಒಳಗಿಳಿದು ಅಲ್ಲಿಯ ವರ್ಣದ್ರವ್ಯಗಳನ್ನು ಒಡೆಯಬಲ್ಲುದು. ಅದು ಫಲಕಾರಿಯಾಗುವುದು ಈ ಗುಣದಿಂದ, ಅಪಾಯಕಾರಿಯಾಗುವುದೂ ಇದೇ ಗುಣದಿಂದ. 1989ರಲ್ಲಿ ಅಮೆರಿಕದ ದಂತವೈದ್ಯರಾದ ಹೇವುಡ್ ಮತ್ತು ಹೇಮನ್ ಪ್ರಕಟಿಸಿದ ಕ್ರಮದಂತೆ, ಬಾಯಿಯ ಅಳತೆಗೆ ಮಾಡಿಸಿದ ಅಚ್ಚಿನಲ್ಲಿ ಶೇಕಡ 10ರ ಕಾರ್ಬಮೈಡ್ ಪೆರಾಕ್ಸೈಡನ್ನು, ಎಂದರೆ ಸುಮಾರು ಶೇಕಡ 3.5ರ ಹೈಡ್ರೋಜನ್ ಪೆರಾಕ್ಸೈಡಿಗೆ ಸಮನಾದುದನ್ನು, ರಾತ್ರಿಯ ಹೊತ್ತು ಧರಿಸಿದರೆ ಹಲ್ಲು ಬೆಳ್ಳಗಾಗುವುದು ನಿಜ. ಆಗ ಹಲ್ಲು ಜುಮ್ಮೆನ್ನುವುದೂ ಉಂಟು, ಅದು ಸಾಮಾನ್ಯವಾಗಿ ಕೆಲದಿನಗಳಲ್ಲಿ ಶಮನವಾಗುತ್ತದೆ. ಆದರೆ ಹುಳುಕು ಹಿಡಿದ ಹಲ್ಲಿಗೋ ಬಿರುಕುಬಿಟ್ಟ ಹಲ್ಲಿಗೋ ತೀಕ್ಷ್ಣವಾದ ದ್ರಾವಣವನ್ನು ಹಚ್ಚಿದರೆ ಅದು ನರವಿರುವ ತಿರುಳನ್ನೇ ಕೆರಳಿಸೀತು, ಒಸಡಿಗೆ ತಗುಲಿದರೆ ಸುಟ್ಟೀತು. ಹಲ್ಲಿಗೆ ತುಂಬಿದ ಸಿಮೆಂಟಾಗಲಿ ಕಟ್ಟಿಸಿದ ಹಲ್ಲಾಗಲಿ ಅದರಿಂದ ಬಣ್ಣ ಬದಲಿಸುವುದಿಲ್ಲ. ಇವನ್ನೆಲ್ಲ ಮೊದಲೇ ಪರೀಕ್ಷಿಸಿ ಹೇಳುವ ಶಿಕ್ಷಣ ಬ್ಯೂಟಿ ಪಾರ್ಲರಿನಲ್ಲಿ ಯಾರಿಗಿದೆ?

ರಾಸಾಯನಿಕಕ್ಕೆ ಹೆದರಿ ಇದ್ದಿಲ ಪುಡಿಯನ್ನೂ ನಿಂಬೆಯ ರಸವನ್ನೂ ಆಶ್ರಯಿಸಿದವರ ಸ್ಥಿತಿ ಇನ್ನೂ ಶೋಚನೀಯ. ಇದ್ದಿಲು ಮೇಲಣ ಕರೆಯನ್ನು ಉಜ್ಜಿ ತೆಗೆಯಬಹುದೇ ಹೊರತು ಒಳಗಣ ವರ್ಣವನ್ನು ಮುಟ್ಟಲಾರದು. ಅದು ನಿರಪಾಯವೆಂದಾಗಲಿ ಫಲಪ್ರದವೆಂದಾಗಲಿ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ಸಮೀಕ್ಷೆ ಸ್ಪಷ್ಟವಾಗಿ ಹೇಳಿದೆ. ನಿಂಬೆಯ ಆಮ್ಲದಿಂದ ಮೃದುವಾಗಿ, ಪುಡಿಯ ತಿಕ್ಕಾಟದಿಂದ ಸವೆದ ಎನಾಮೆಲ್ ಮತ್ತೆ ಬೆಳೆಯದು. ಕವಚ ತೆಳುವಾದಷ್ಟೂ ಕೆಳಗಿನ ಹಳದಿ ಹೆಚ್ಚಾಗಿ ತೋರುವುದರಿಂದ, ಬಿಳುಪಿಗಾಗಿ ಉಜ್ಜಿದವರು ಹಳದಿಯನ್ನೇ ಸಂಪಾದಿಸುತ್ತಾರೆ.

ನನ್ನನ್ನು ಎಲ್ಲಕ್ಕಿಂತ ಕಲಕುವ ಸಂಗತಿ ಬೇರೊಂದಿದೆ. ಕೋಲಾರ, ಪಾವಗಡ, ರಾಯಚೂರುಗಳಂಥ ಸೀಮೆಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರನ್ನು ಕುಡಿದು ಬೆಳೆದವರ ಹಲ್ಲಿನ ಕಂದುಕಲೆಯು, ಎಳವೆಯಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಎನಾಮೆಲಿನಲ್ಲಿ ಉಂಟಾದ ದೋಷದಿಂದ ಬಂದುದು. ಯಾವ ಪುಡಿಯಿಂದಲೂ ಅದು ಹೋಗದು. ಬಿಳಿಯ ಹಲ್ಲೇ ಶುಚಿತ್ವದ ಲಕ್ಷಣವೆಂದು ಸಾರುವ ಜಾಹೀರಾತು, ಮದುವೆಯ ವಯಸ್ಸಿನಲ್ಲಿ ನಗಲು ಸಂಕೋಚಪಡುವ ಆ ಸೀಮೆಯ ಹೆಣ್ಣುಮಕ್ಕಳನ್ನು ಅಶುಚಿಗಳೆಂದು ಹಳಿದಂತೆಯೇ ಅಲ್ಲವೆ? ಅವರಿಗೆ ಸಲ್ಲತಕ್ಕುದು ಶುದ್ಧ ನೀರು, ಮತ್ತು ಸರ್ಕಾರಿ ದಂತ ಆಸ್ಪತ್ರೆಯಲ್ಲಿ ಕಲೆಯ ಆಳವನ್ನು ನೋಡಿ ಮಾಡುವ ಚಿಕಿತ್ಸೆ.

ಇನ್ನು ಬಿಳುಪಿನ ಸಾಮಗ್ರಿಯ ಮಾತಿಗೆ ಮರಳಿದರೆ, ಯೂರೋಪಿನ ಒಕ್ಕೂಟವು 2011ರಲ್ಲಿ ವಿಧಿಸಿದ ನಿಯಮದಂತೆ, ಶೇಕಡ 0.1ನ್ನು ಮೀರಿದ ಹೈಡ್ರೋಜನ್ ಪೆರಾಕ್ಸೈಡ್ ಉಳ್ಳ, ಶೇಕಡ 6ರ ಮಿತಿಯೊಳಗಿನ ಸಾಮಗ್ರಿಯನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು. ಮೊದಲ ಪ್ರಯೋಗ ಅವರ ಸಮಕ್ಷಮದಲ್ಲೇ ಆಗಬೇಕು. 18 ವರ್ಷ ತುಂಬದವರ ಮೇಲೆ ಅದನ್ನು ಪ್ರಯೋಗಿಸಲಾಗದು. ಇಷ್ಟೇ ಸ್ಪಷ್ಟವಾದ ನಿರ್ಬಂಧವನ್ನು ನಮ್ಮ ಆರೋಗ್ಯ ಇಲಾಖೆಯೂ ಪಾರ್ಲರುಗಳ ಬಾಗಿಲವರೆಗೆ ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕು, ಪ್ರತಿಯೊಂದು ಪೊಟ್ಟಣದ ಮೇಲೂ ಪೆರಾಕ್ಸೈಡಿನ ಪ್ರಮಾಣವನ್ನು ಕನ್ನಡದಲ್ಲಿ ಅಚ್ಚುಹಾಕಿಸಬೇಕು.