ಸೊಪ್ಪಿಗೂ ಜೀವ ಇಲ್ವಾ ಸಾರ್?

ಹತ್ತನೆಯ ತರಗತಿಯಲ್ಲಿ ಆಹಾರ ಸರಪಳಿಯ ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸಾರ್, ಸಸ್ಯಾಹಾರಿಗಳು ಪ್ರಾಣಿ ಕೊಲ್ಲೋದು ಪಾಪ ಅಂತಾರಲ್ಲ, ಸೊಪ್ಪಿಗೂ ಜೀವ ಇಲ್ವಾ?" ಪ್ರಶ್ನೆ ನನ್ನನ್ನು ಕೇಳಿದ್ದಾದರೂ ಕೇಳಿದವನ ಕಣ್ಣು ಇರುವುದು ಮೂರನೆಯ ಬೆಂಚಿನಲ್ಲಿ ಕುಳಿತ, ದಿನಾ ಮೊಸರನ್ನದ ಡಬ್ಬಿ ತರುವ ಹುಡುಗನ ಮೇಲೆ. ತರಗತಿ ಗೊಳ್ಳೆಂದು ನಗುತ್ತದೆ. ಆ ಹುಡುಗ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಾನೆ.

ನಾನೂ ಮಾಂಸ ತಿನ್ನುವ ಮನೆಯಲ್ಲೇ ಹುಟ್ಟಿ ಬೆಳೆದವನು. ಯುಗಾದಿಯ ಮರುದಿನ ಹೊಸತೊಡಕಿಗೆ ನಮ್ಮ ಮನೆಯಲ್ಲೂ ಬಾಡೂಟವೇ. ಆದ್ದರಿಂದ ಈ ವಾರ ಬೇರೆಯವರ ತಟ್ಟೆಯ ಕಡೆ ನೋಡದೆ, ನಮ್ಮವರು ಆಡುವ ಮಾತುಗಳನ್ನೇ ಕೊಂಚ ಒರೆಗೆ ಹಚ್ಚೋಣ. "ಹುಲ್ಲು ತಿಂದ್ರೆ ಶಕ್ತಿ ಎಲ್ಲಿಂದ ಬರುತ್ತೆ?", "ದೇವರು ಕೋರೆಹಲ್ಲು ಯಾಕೆ ಕೊಟ್ಟಿದಾನೆ ಮತ್ತೆ?", "ತುಂಡು ಹಾಕಲ್ಲ ಬಿಡಿ, ಬರೀ ರಸ ತಾನೆ!" ಇವೆಲ್ಲ ಮದುವೆ ಮನೆ, ಹಾಸ್ಟೆಲು, ಆಫೀಸು, ಬಸ್ಸು ಎಲ್ಲೆಲ್ಲೂ ಕೇಳುವ ಮಾತುಗಳೇ. ಇವುಗಳಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಒಂದು, ನಿಜವಾಗಿ ತಿಳಿಯಬೇಕಾದ ಪ್ರಶ್ನೆ. ಇನ್ನೊಂದು, ಬಹಳ ಹಳೆಯದೊಂದು ನೋವು. ಎರಡನ್ನೂ ಬಿಡಿಸಿ ನೋಡದಿದ್ದರೆ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ, ನೋವೂ ಮಾಯುವುದಿಲ್ಲ.

ಮೊದಲು ಸೊಪ್ಪಿನ ಜೀವದ ವಿಚಾರ. ಸಸ್ಯಗಳಿಗೆ ಜೀವವಿದೆ ಎಂಬುದರಲ್ಲಿ ಅನುಮಾನವೇ ಇಲ್ಲ. ನಮ್ಮ ಜಗದೀಶಚಂದ್ರ ಬೋಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಟ್ಟಿದರೆ ಮುನಿಯಂಥ ಗಿಡಗಳು ಪ್ರಚೋದನೆಗೆ ವಿದ್ಯುತ್ ಸಂಕೇತಗಳ ಮೂಲಕ ಪ್ರತಿಕ್ರಿಯಿಸುತ್ತವೆ ಎಂದು ತಾವೇ ರಚಿಸಿದ ಸೂಕ್ಷ್ಮ ಉಪಕರಣಗಳಿಂದ ತೋರಿಸಿಕೊಟ್ಟರು. ಆದರೆ ಮಕ್ಕಳೇ, ಜೀವ ಇರುವುದು ಬೇರೆ, ನೋವು ಅನುಭವಿಸುವುದು ಬೇರೆ. ನಮಗೆ ತಿಳಿದಿರುವಂತೆ ನೋವಿನ ಅನುಭವಕ್ಕೆ ನರಗಳು ಬೇಕು, ಅವು ತಂದ ಸುದ್ದಿಯನ್ನು ಒಟ್ಟುಗೂಡಿಸುವ ಮಿದುಳು ಬೇಕು. ದಂಟಿನ ಸೊಪ್ಪಿಗೆ ಇವೆರಡೂ ಇಲ್ಲ. ಕೋಳಿಗೆ, ಕುರಿಗೆ, ಮೀನಿಗೆ ಇವೆ.

ಇನ್ನೊಂದು ಮಾತು. ಸೊಪ್ಪಿನ ಮೇಲೆ ಅಷ್ಟು ಕರುಣೆ ಇದ್ದರೆ ಲೆಕ್ಕ ಬೇರೆಯೇ ದಾರಿ ತೋರಿಸುತ್ತದೆ. ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡ್‌ಮನ್ 1942ರಲ್ಲಿ ಪ್ರಕಟಿಸಿದ ವಿಚಾರದಿಂದ ಬೆಳೆದು ಬಂದ 'ಶೇಕಡಾ ಹತ್ತರ ನಿಯಮ' ನಿಮ್ಮ ಪಠ್ಯದಲ್ಲೇ ಇದೆ. ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ದಾಟುವ ಶಕ್ತಿ ಸುಮಾರಾಗಿ ಹತ್ತನೆಯ ಒಂದು ಪಾಲು ಮಾತ್ರ. ಸಸ್ಯದಲ್ಲಿ 1000 ಜೂಲ್ ಇದ್ದರೆ ಅದನ್ನು ತಿಂದ ಪ್ರಾಣಿಗೆ 100, ಆ ಪ್ರಾಣಿಯನ್ನು ತಿಂದವರಿಗೆ 10. ಫಾರಂ ಕೋಳಿ ಒಂದು ಕಿಲೊ ತೂಕ ಬರಲು ಒಂದೂವರೆಯಿಂದ ಎರಡು ಕಿಲೊ ಮೇವು ಬೇಕು. ಆ ಮೇವಿನಲ್ಲಿ ಹೆಚ್ಚಿನದು ಮುಸುಕಿನ ಜೋಳ ಮತ್ತು ಸೋಯಾ. ಅಂದರೆ ಕೋಳಿ ತಿಂದವನು ಆ ಗಿಡಗಳನ್ನೂ ತಿಂದಂತಾಯಿತು!

ಹಾಗೆಂದು ಈ ಲೆಕ್ಕವನ್ನು ಎಲ್ಲ ಕಡೆಗೂ ಎಳೆಯಬಾರದು. ಬಯಲುಸೀಮೆಯ ಬೀಳು ನೆಲದಲ್ಲಿ, ಕೊಯ್ಲಾದ ಹೊಲದ ಕೂಳೆಯಲ್ಲಿ ಮೇಯುವ ಕುರಿ, ಮನುಷ್ಯ ತಿನ್ನಲಾರದ ಹುಲ್ಲನ್ನೇ ಆಹಾರವಾಗಿ ಮಾರ್ಪಡಿಸುತ್ತದೆ. ಮಳೆ ಕಡಿಮೆ ಇರುವ ನಾಡಿನ ಕುರಿಗಾಹಿಗೆ ಮಾಂಸ ಬಿಡು ಎಂದು ಉಪದೇಶ ಮಾಡುವವರು ಅವನ ನೆಲವನ್ನು ಒಮ್ಮೆ ನೋಡಿ ಬರಬೇಕು.

ಇನ್ನು ಕೋರೆಹಲ್ಲಿನ ವಾದ. ಗೊರಿಲ್ಲದ ಕೋರೆಹಲ್ಲು ನಮ್ಮದಕ್ಕಿಂತ ಎಷ್ಟೋ ದೊಡ್ಡದು. ಅದು ತಿನ್ನುವುದು ಬಹುಪಾಲು ಎಲೆ, ಕಾಂಡ, ಹಣ್ಣು. ನೀರಾನೆಯ ಕೋರೆ ಕಂಡರೆ ಎದೆ ಝಲ್ಲೆನ್ನುತ್ತದೆ, ಅದು ಮೇಯುವುದು ಹುಲ್ಲು. ಆದ್ದರಿಂದ ಈ ಒಂದು ಹಲ್ಲು ತೋರಿಸಿ ಯಾವ ತೀರ್ಪನ್ನೂ ಕೊಡಲಾಗದು. ಎದುರು ಪಕ್ಷದವರದ್ದೂ ಇಂಥದೇ ಒಂದು ವಾದವಿದೆ: "ಆನೆ ಸೊಪ್ಪು ತಿಂದೇ ಅಷ್ಟು ಬಲಶಾಲಿ ಆಗಿಲ್ವೆ?" ಆನೆ ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ. ನಾರನ್ನು ಒಡೆಯುವ ಸೂಕ್ಷ್ಮಜೀವಿಗಳು ಅದರ ಕರುಳಿನಲ್ಲಿ ಮನೆ ಮಾಡಿಕೊಂಡಿವೆ. ಹುಲ್ಲಿನ ಸೆಲ್ಯುಲೋಸನ್ನು ಅರಗಿಸಿ ಬದುಕುವುದು ನಮ್ಮಿಂದಾಗದು. ಮನುಷ್ಯ ಎರಡನ್ನೂ ತಿಂದು ಬದುಕಬಲ್ಲ ಪ್ರಾಣಿ. ಅಂದರೆ ಅವನಿಗೆ ಆಯ್ಕೆ ಇದೆ. ಏನನ್ನು ಆರಿಸಿಕೊಳ್ಳಬೇಕು ಎಂಬುದನ್ನು ಹಲ್ಲು ಹೇಳುವುದಿಲ್ಲ.

ಶಕ್ತಿಯ ಮಾತಿಗೆ ಬರೋಣ. ರಾಜಕೋಟೆಯಲ್ಲಿ ಓದುತ್ತಿದ್ದ ಬಾಲಕ ಮೋಹನದಾಸ ಗಾಂಧಿ, ಇಂಗ್ಲಿಷರು ನಮ್ಮನ್ನು ಆಳುತ್ತಿರುವುದು ಮಾಂಸದ ಬಲದಿಂದ ಎಂಬ ಗೆಳೆಯನ ಮಾತನ್ನು ನಂಬಿ ಮನೆಯವರಿಗೆ ತಿಳಿಯದಂತೆ ಮೇಕೆ ಮಾಂಸ ತಿಂದದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1888ರಲ್ಲಿ ಲಂಡನ್ನಿಗೆ ಹೊರಟಾಗ ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸ ಮುಟ್ಟಲಿಲ್ಲ. ಅಲ್ಲಿ ಹೆನ್ರಿ ಸಾಲ್ಟ್ ಅವರ ಪುಸ್ತಕ ಓದಿದ ಮೇಲೆ ಸ್ವಂತ ವಿಚಾರದಿಂದಲೇ ಸಸ್ಯಾಹಾರಿಯಾದರು. ಮಾಂಸದಿಂದ ಮಾತ್ರ ಬಲ ಬರುತ್ತದೆ ಎಂಬ ನಂಬಿಕೆ ಅಷ್ಟು ಹಳೆಯದು, ಇಂದಿಗೂ ಜೀವಂತ.

ಅಂಕಿಗಳನ್ನು ನೋಡಿ. 100 ಗ್ರಾಂ ಕೋಳಿ ಮಾಂಸದಲ್ಲಿ 20 ಗ್ರಾಂಗೆ ಮೇಲ್ಪಟ್ಟು, ಮೊಟ್ಟೆಯಲ್ಲಿ ಸುಮಾರು 13 ಗ್ರಾಂ ಪ್ರೋಟೀನ್ ಇರುತ್ತದೆ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ, ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ. ಅಕ್ಕಿ, ರಾಗಿ, ಜೋಳಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ. ಮುದ್ದೆಯ ಜೊತೆ ಕಾಳಿನ ಬಸ್ಸಾರು, ರೊಟ್ಟಿಯ ಜೊತೆ ಮಡಕೆಕಾಳಿನ ಪಲ್ಯ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದು ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ಓದದೆಯೇ ದಕ್ಕಿದ್ದ ಜ್ಞಾನ.

ಆದರೆ ಸಸ್ಯಾಹಾರಿಗಳೂ ಬೀಗಬೇಕಾಗಿಲ್ಲ. ಮೇಲಿನ ಲೆಕ್ಕ ಒಣ ಬೇಳೆಯದು. ಬೆಂದಾಗ ಅದು ನೀರು ಹೀರಿ ಎರಡು ಮೂರು ಪಟ್ಟು ತೂಗುತ್ತದೆ. ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಸಿಗುವುದು ಆರೇಳು ಗ್ರಾಂ ಪ್ರೋಟೀನ್. ತಟ್ಟೆ ತುಂಬ ಅನ್ನ, ಮೇಲೆ ಬೇಳೆ ಹುಡುಕಬೇಕಾದ ತಿಳಿಸಾರು, ಕೊನೆಗೆ ನೀರು ಮಜ್ಜಿಗೆ: ಇಂಥ ಊಟ ಮಾಡುವ ಮಗುವಿಗೆ "ಶಕ್ತಿ ಎಲ್ಲಿಂದ?" ಎಂಬ ಪ್ರಶ್ನೆ ನಿಜವಾಗಿಯೂ ಅನ್ವಯಿಸುತ್ತದೆ.

ಈ ಪ್ರಶ್ನೆ ತಮಾಷೆಯ ಗಡಿ ದಾಟಿ ಮನೆಯೊಳಗೆ ಬರುವುದೂ ಉಂಟು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ತಾನು ಕಾಳು ಹಾಕಿ ಸಾಕಿದ್ದ ಹುಂಜವನ್ನು ಹಬ್ಬಕ್ಕೆ ಕೊಯ್ದ ದಿನದಿಂದ ಮಾಂಸ ಮುಟ್ಟುವುದನ್ನೇ ಬಿಟ್ಟಳು. ಅಪ್ಪನಿಗೆ ಸಿಟ್ಟು. ಅಣ್ಣಂದಿರಿಗೆ ಅವಳೊಂದು ಗೇಲಿಯ ವಸ್ತು. ತಾಯಿ ಶಾಲೆಗೇ ಬಂದರು. "ನೀವಾದ್ರೂ ಬುದ್ಧಿ ಹೇಳಿ ಸಾರ್. ಮೈನೆರೆದ ಹುಡುಗಿ, ಮೈಯಲ್ಲಿ ರಕ್ತ ಕಮ್ಮಿ ಅಂತ ಡಾಕ್ಟ್ರು ಹೇಳವ್ರೆ. ತುಂಡು ಬೇಡ, ರಸನಾದ್ರೂ ಉಣ್ಣು ಅಂದ್ರೆ ತಟ್ಟೆ ಬಿಟ್ಟು ಎದ್ದೋಗ್ತಾಳೆ."

ಆ ತಾಯಿಯ ಭಯ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಮಾಂಸದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುತ್ತದೆ, ಸೊಪ್ಪು ಕಾಳುಗಳದ್ದು ಅಷ್ಟು ಸುಲಭವಾಗಿ ಸೇರದು. ಆದರೆ ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಅವುಗಳ ಸಿ ಜೀವಸತ್ವ ಆ ಕೆಲಸಕ್ಕೆ ನೆರವಾಗುತ್ತದೆ. ಉಂಡ ಕೂಡಲೇ ಕುಡಿಯುವ ಕಾಫಿ, ಟೀ ಅಡ್ಡಿಯಾಗುತ್ತವೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಜೇಬಿಗಿಳಿಸದೆ ನುಂಗಬೇಕು. ಇದನ್ನು ಹುಡುಗಿಗೆ ಹೇಳಿದೆ. ತಾಯಿಗೆ ಹೇಳಿದ್ದು ಅಡಿಗೆಮನೆಯ ಮಾತು: "ಮಸಾಲೆ ಕುದಿಯುವಾಗ ತುಂಡು ಹಾಕುವ ಮುಂಚೆ ಎರಡು ಸೌಟು ಬೇರೆ ಪಾತ್ರೆಗೆ ತೆಗೀರಮ್ಮ. ಅದಕ್ಕೆ ಬೇಯಿಸಿದ ಅವರೆಕಾಳು ಹಾಕಿ. ಅದೇ ಮಸಾಲೆ, ಅದೇ ಘಮ. ಅವಳು ಎಲ್ಲರ ಜೊತೆ ಕೂತು ಉಣ್ತಾಳೆ." ಅಡಿಗೆ ಎರಡಾಗುವುದಿಲ್ಲ, ಮಗಳು ಬೇರೆಯಾಗುವುದೂ ಇಲ್ಲ.

"ಬರೀ ರಸ ತಾನೆ" ಎನ್ನುವ ನಮ್ಮವರು ಇಲ್ಲೊಂದು ವಿಷಯ ಗಮನಿಸಬೇಕು. ಮಾಂಸದ ಕೊಬ್ಬು, ಸತ್ವ ಎಲ್ಲ ಬೆಂದು ಇಳಿದಿರುವುದು ಆ ರಸದಲ್ಲೇ. ತುಂಡು ಆರಿಸಿ ತೆಗೆದರೆ ಸಾರು ಸಸ್ಯಾಹಾರವಾಗುವುದಿಲ್ಲ. ತಿಳಿಸದೆ ಬಡಿಸಿ ಆಮೇಲೆ ನಗುವುದು ತಮಾಷೆಯೂ ಅಲ್ಲ, ನಂಬಿಕೆದ್ರೋಹ.

ಈಚೆಗೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟ 'ವೀಗನ್'ಗಳು ನಮ್ಮ ಊರುಗಳಲ್ಲೂ ಕಾಣುತ್ತಿದ್ದಾರೆ. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು 1944ರಲ್ಲಿ ಹುಟ್ಟುಹಾಕಿದ ಹೆಸರಿದು. ಇವರ ವಿಷಯ ಬಂದಾಗ ಮಾತ್ರ ಮಾಂಸಾಹಾರಿಯೂ ಸಸ್ಯಾಹಾರಿಯೂ ಒಂದಾಗಿ ನಗುತ್ತಾರೆ! ನಗುವ ಬದಲು ಅವರಿಗೆ ಒಂದು ಉಪಯುಕ್ತ ಮಾತು ಹೇಳಬಹುದು. ಬಿ12 ಜೀವಸತ್ವವನ್ನು ಪ್ರಾಣಿಯೂ ತಯಾರಿಸದು, ಸಸ್ಯವೂ ತಯಾರಿಸದು, ತಯಾರಿಸುವುದು ಬ್ಯಾಕ್ಟೀರಿಯಾಗಳು. ಹಸುವಿನ ಹೊಟ್ಟೆಯಲ್ಲಿ ಅವು ತಯಾರಿಸಿದ್ದು ಹಾಲಿನ ಮೂಲಕ ನಮಗೆ ಬರುತ್ತದೆ. ರಕ್ತಹೀನತೆಯ ಒಂದು ಮಾರಕ ರೂಪಕ್ಕೆ ಯಕೃತ್ತನ್ನು ಆಹಾರವಾಗಿ ಕೊಟ್ಟು ಗುಣಪಡಿಸಬಹುದೆಂಬ ಶೋಧಕ್ಕೆ 1934ರಲ್ಲಿ ನೊಬೆಲ್ ಬಂತು. ಆ ಯಕೃತ್ತಿನಲ್ಲಿದ್ದ ಬಿ12 ಶುದ್ಧರೂಪದಲ್ಲಿ ಕೈಗೆ ಸಿಕ್ಕಿದ್ದು 1948ರಲ್ಲಿ. ಇಂದು ಅದನ್ನು ಬ್ಯಾಕ್ಟೀರಿಯಾಗಳಿಂದಲೇ ತಯಾರಿಸಿ ಮಾತ್ರೆಯಾಗಿ ಮಾರುತ್ತಾರೆ. ಹಾಲನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಆ ಮಾತ್ರೆ ತೆಗೆದುಕೊಳ್ಳಲೇಬೇಕು. ಇಷ್ಟು ತಿಳಿದು ನಡೆದರೆ ಅವರ ದಾರಿ ಅವರಿಗೆ.

ಪ್ರಶ್ನೆಯ ಎಳೆ ಇಲ್ಲಿಗೆ ಮುಗಿಯಿತು. ಇನ್ನು ನೋವಿನ ಎಳೆ. ಮೊಸರನ್ನದ ಹುಡುಗನನ್ನು 'ಪುಳಿಚಾರು' ಎಂದು ಕರೆಯುವ ಹುಡುಗನ ಮನೆಯವರು, "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬಾಡಿಗೆ ಬೋರ್ಡು ನೋಡಿ ಹಿಂದಿರುಗಿದವರಾಗಿರಬಹುದು. ಡಬ್ಬಿ ತೆರೆದಾಗ ಪಕ್ಕದವರು ಮೂಗು ಮುಚ್ಚಿಕೊಂಡಿದ್ದನ್ನು ಅವನ ಅಕ್ಕ ಕಂಡಿರಬಹುದು. ನಮ್ಮ ದೇಶದಲ್ಲಿ ತಟ್ಟೆಯ ಹಿಂದೆ ಜಾತಿ ನಿಂತಿರುತ್ತದೆ. ಒಂದು ಊಟ ಮಡಿ, ಇನ್ನೊಂದು ಊಟ ಮೈಲಿಗೆ ಎಂದು ತಲೆತಲಾಂತರ ಕೇಳಿಸಿಕೊಂಡವರ ನಗೆಯಲ್ಲಿ ಕಹಿ ಇರುವುದು ಸಹಜ. ಗಾಂಧೀಜಿ 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಮಾತನಾಡುತ್ತ, ಇತರರ ಮನ ಒಲಿಸಬೇಕೆನ್ನುವ ಸಸ್ಯಾಹಾರಿಗಳಿಗೆ ಸಹನೆ ಬೇಕು, ವಿನಯ ಬೇಕು ಎಂದರು. ಮಾಂಸ ಬಿಟ್ಟ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ.

ಆದರೆ ಆ ಕಹಿಯನ್ನು ಹದಿನೈದು ವರ್ಷದ ಹುಡುಗನ ಡಬ್ಬಿಗೆ ಸುರಿದರೆ ಯಾವ ನ್ಯಾಯವೂ ಸಿಗದು. ಬಾಡಿಗೆ ಬೋರ್ಡು ಬರೆದವನು ಅವನಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡುವಾಗ, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯಾಗಿದೆ. ಮೊಟ್ಟೆ ಹಿಡಿದವನೂ ಹಣ್ಣು ಹಿಡಿದವನೂ ಒಂದೇ ಜಗಲಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ತಿನ್ನಬೇಕು. ಸಾಲು ಎರಡಾಗದಂತೆ ನೋಡಿಕೊಳ್ಳುವುದು ನಮ್ಮಂಥ ಮೇಷ್ಟ್ರುಗಳ ಹೊಣೆ. ಮನೆಯಲ್ಲಿ ಆಡುವ ಮಾತು ಆ ಜಗಲಿಗೆ ತಲುಪುತ್ತದೆ ಎಂಬ ಎಚ್ಚರ ಪೋಷಕರದ್ದು. ಊಟ ತನ್ನಿಚ್ಛೆ ಎಂಬ ಗಾದೆ ಎರಡೂ ಕಡೆಯವರಿಗೆ ಸಲ್ಲುತ್ತದೆ.

ವಿದ್ಯಾರ್ಥಿಗಳೇ, ಈ ವಾರ ಒಂದು ಪ್ರಯೋಗ ಮಾಡಿ. ನೋಟ್‌ಬುಕ್ಕಿನಲ್ಲಿ ಏಳು ದಿನಗಳ ಕೋಷ್ಟಕ ಹಾಕಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮನೆಯಲ್ಲಿ ಏನೇನು ಉಂಡಿರಿ ಎಂದು ಬರೆದಿಡಿ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಹತ್ತರಲ್ಲಿ ಎಂಟು ಮಂದಿ ಗಂಡಸರು, ಏಳು ಮಂದಿ ಹೆಂಗಸರು ಮೀನು ಮಾಂಸ ತಿನ್ನುವವರೇ. ಆದರೆ ವಾರಕ್ಕೊಮ್ಮೆಯಾದರೂ ತಿನ್ನುವವರು ಸುಮಾರು ಅರ್ಧದಷ್ಟು ಮಾತ್ರ. ಸೋಮವಾರ ಬೇಡ, ಶನಿವಾರ ಬೇಡ, ಶ್ರಾವಣ ಪೂರ್ತಿ ಬೇಡ ಎನ್ನುವ ಮನೆಗಳು ನಮ್ಮಲ್ಲೇ ಎಷ್ಟಿಲ್ಲ! ಮಾಂಸ ತಿನ್ನುವ ಮನೆಯ ಮಕ್ಕಳು ಆ ಇಪ್ಪತ್ತೊಂದು ಚೌಕಗಳಲ್ಲಿ ಎಷ್ಟರಲ್ಲಿ ಮಾಂಸವಿದೆ, ಎಷ್ಟರಲ್ಲಿ ಸೊಪ್ಪು, ಕಾಳು, ಉಪ್ಸಾರು, ಚಿತ್ರಾನ್ನ ಇದೆ ಎಂದು ಎಣಿಸಿ. ಸಸ್ಯಾಹಾರಿ ಮನೆಯ ಮಕ್ಕಳು ಎಷ್ಟು ಚೌಕಗಳಲ್ಲಿ ಬೇಳೆಕಾಳು ಗಟ್ಟಿಯಾಗಿದೆ ಎಂದು ಎಣಿಸಿ. ಆಮೇಲೆ ಇಬ್ಬರೂ ನೋಟ್‌ಬುಕ್ಕು ಬದಲಾಯಿಸಿಕೊಂಡು ಓದಿ.