ಸ್ತನ ಕ್ಯಾನ್ಸರಿಗಾಗಿ 60 ಮೈಲಿ ನಡೆಯಬೇಕೆ?

ರೋಗನಿವಾರಣೆಯ ನಿಧಿಗೆ ಹಣ ಕೂಡಿಸಲೆಂದು ಮೂರು ದಿನಗಳಲ್ಲಿ 60 ಮೈಲಿ ನಡೆಯುವುದರಿಂದ ರೋಗಿಗೆ ನಿಜವಾದ ಉಪಕಾರವುಂಟೆ ಎಂಬ ಪ್ರಶ್ನೆಯನ್ನು ಕುರಿತು ಅಕ್ಕತಂಗಿಯರಿಬ್ಬರು ಬರೆದಿದ್ದಾರೆ. ಹಿರಿಯಳು ಕ್ಯಾಲಿಫೋರ್ನಿಯದಲ್ಲಿಯೂ ಕಿರಿಯಳು ಮೈಸೂರಿನಲ್ಲಿಯೂ ನೆಲಸಿದವರು.

ಪರ

ನವೆಂಬರ್ ತಿಂಗಳ ಒಂದು ಶುಕ್ರವಾರ, ಇನ್ನೂ ಬೆಳಕು ಹರಿಯುವುದಕ್ಕೆ ಮೊದಲೇ, ಸ್ಯಾನ್ ಡಿಯಾಗೋ ನಗರದ ಉತ್ತರಕ್ಕಿರುವ ಡೆಲ್ ಮಾರ್ ಬಯಲಿನಲ್ಲಿ ನೆರೆದ ದೊಡ್ಡ ಗುಂಪಿನ ನಡುವೆ ಬೂಟಿನ ದಾರವನ್ನು ಬಿಗಿಯುತ್ತ ನಿಂತಿದ್ದಾಗ, ಮುಂದಿದ್ದ ಹೆಂಗಸಿನ ಬೆನ್ನಿನ ಮೇಲೆ ಅವಳು ಯಾರಿಗಾಗಿ ನಡೆಯುತ್ತಿರುವಳೆಂಬುದು ಬರೆದಿದ್ದಿತು: ತಾಯಿ, ಸೋದರತ್ತೆ, ಒಬ್ಬ ಗೆಳತಿ. ನನ್ನ ಬೆನ್ನಿನ ಮೇಲೆ ಇದ್ದುದು ಒಂದೇ ಮಾತು, ‘ಚಿಕ್ಕಮ್ಮ’. ಕನ್ನಡದಲ್ಲಿಯೇ ಬರೆದುಕೊಂಡಿದ್ದೆನು.

ಈ ನಡಿಗೆಯನ್ನು ಏರ್ಪಡಿಸುವ ಕೋಮೆನ್ ಸಂಸ್ಥೆಯ ಹುಟ್ಟಿನಲ್ಲಿಯೂ ಅಕ್ಕತಂಗಿಯರ ಕಥೆಯೇ ಇದೆ. 1980ರಲ್ಲಿ, ಕೇವಲ 36ನೆಯ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ ಸೂಸನ್ ಕೋಮೆನ್‌ಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವಳ ತಂಗಿ ನ್ಯಾನ್ಸಿ ಬ್ರಿಂಕರ್ 1982ರಲ್ಲಿ ಅದನ್ನು ಸ್ಥಾಪಿಸಿದಳು. ನಡೆಯಬೇಕೆನ್ನುವವರು 2,300 ಡಾಲರಿಗೆ ಕಡಿಮೆಯಿಲ್ಲದಂತೆ ಹಣ ಸಂಗ್ರಹಿಸಬೇಕೆಂಬುದು ನಿಯಮ. ಇಷ್ಟು ಹಣ ಒಂದಿಬ್ಬರಿಂದ ಬರತಕ್ಕದ್ದಲ್ಲ. ತಿಂಗಳುಗಟ್ಟಲೆ ನೆಂಟರಿಷ್ಟರನ್ನೂ ಕಚೇರಿಯವರನ್ನೂ ನೆರೆಯವರನ್ನೂ ಬಾಯಿಬಿಟ್ಟು ಕೇಳಬೇಕು. ಕೇಳುವಾಗಲೆಲ್ಲ, ನಮ್ಮ ಮನೆಗಳಲ್ಲಿ ಹೆಂಗಸರು ಹೆಂಗಸರಿಗೇ ಹೇಳಲು ಅಂಜುವ ಆ ಅಂಗದ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಬೇಕು. ಚಿಕ್ಕಮ್ಮ ಎದೆಯೊಳಗಿನ ಗಂಟನ್ನು ಒಂದೂವರೆ ವರ್ಷ ಸೆರಗಿನ ಮರೆಯಲ್ಲಿ ಇಟ್ಟುಕೊಂಡಿದ್ದಳು. 1974ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮಗಾದ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡದೆ ಜಗತ್ತಿಗೆ ತಿಳಿಸಿದಾಗ ಪರೀಕ್ಷೆಗಾಗಿ ಹೆಂಗಸರು ತಂಡತಂಡವಾಗಿ ವೈದ್ಯರ ಬಳಿಗೆ ಹೋದರಷ್ಟೆ. ಒಂದು ಬಾಯಿ ತೆರೆದರೆ ನೂರು ಬಾಯಿ ತೆರೆದಾವೆಂಬುದಕ್ಕೆ ಅದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಡೆಯದೆಯೇ ಹಣ ಕೊಡಬಾರದೆ ಎಂದು ಕೇಳುವವರುಂಟು. ಕೊಡಬಹುದು, ಆದರೆ ಟಾರೀ ಪೈನ್ಸ್ ಗುಡ್ಡದ ಏರನ್ನು ಹತ್ತಿ, ಲಾ ಹೋಯಾದ ಕಡಲಂಚನ್ನು ಹಾದು, ಅಂಗಾಲಿನ ಬೊಕ್ಕೆಗಳಿಗೆ ಪಟ್ಟಿ ಕಟ್ಟಿಸಿಕೊಂಡು, ಸಂಜೆ ಮಿಷನ್ ಬೇ ತೀರದ ಗುಲಾಬಿ ಡೇರೆಗಳ ಸಾಲಿನಲ್ಲಿ ಅಪರಿಚಿತಳೊಬ್ಬಳ ಮಗ್ಗುಲಲ್ಲಿ ಮಲಗಿದಾಗ, ಕತ್ತಲೆಯಲ್ಲಿ ಅವಳು ತನ್ನ ತಾಯಿಯ ಕೊನೆಯ ತಿಂಗಳುಗಳನ್ನು ಕುರಿತು ಹೇಳಿದ್ದನ್ನು ನಾನು ಬೇರೆಲ್ಲಿ ಕೇಳಬಹುದಾಗಿತ್ತು? ಚಿಕ್ಕಮ್ಮನಿಗಾಗಿ ನಾನು ಅಲ್ಲಿಯವರೆಗೆ ಅತ್ತಿರಲೇ ಇಲ್ಲ. ಅಂದು ಅತ್ತೆನು.

ಮೂರನೆಯ ದಿನದ ಸಮಾರೋಪದಲ್ಲಿ, ರೋಗವನ್ನು ಗೆದ್ದು ಬಂದವರು ನಡುವೆ ಬಂದು ನಿಂತಾಗ, ನಡೆದವರೆಲ್ಲರೂ ಒಂದು ಕಾಲಿನ ಬೂಟನ್ನು ಕಳಚಿ ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ಪಾದರಕ್ಷೆಯನ್ನು ಒಬ್ಬರ ಎದುರಿಗೆ ಎತ್ತುವುದಕ್ಕಿಂತ ದೊಡ್ಡ ಅವಮಾನವಿಲ್ಲವೆಂದು ತಿಳಿದು ಬೆಳೆದವಳಾದ ನನ್ನ ಕೈ ಒಂದು ಕ್ಷಣ ತಡೆಯಿತು. ಮೈಲಿಮೈಲಿಗಳ ಧೂಳನ್ನು ಹೊತ್ತ ಆ ಬೂಟಿಗಿಂತ ಹೆಚ್ಚಿನ ಕಾಣಿಕೆ ನನ್ನಲ್ಲಿ ಬೇರೇನೂ ಇಲ್ಲವೆಂದು ತೋರಿದ ಮೇಲೆ ನಾನೂ ಎತ್ತಿ ಹಿಡಿದೆನು. 1989ರಿಂದೀಚೆಗೆ ಈ ದೇಶದಲ್ಲಿ ಸ್ತನ ಕ್ಯಾನ್ಸರಿನ ಮರಣದ ಪ್ರಮಾಣ ಶೇಕಡಾ 40ಕ್ಕೂ ಮಿಕ್ಕಿ ಇಳಿದಿದೆ. ನಡಿಗೆಗಳಿಂದಲೇ ಇಳಿಯಿತೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ. ಔಷಧಕ್ಕೂ ಪರೀಕ್ಷೆಗೂ ಸಂಶೋಧನೆಗೂ ಬೇಕಾದ ಹಣ ಆಕಾಶದಿಂದ ಬೀಳಲಿಲ್ಲವೆಂದಷ್ಟೇ ನನ್ನ ವಾದ.

ವಿರೋಧ

ಅಕ್ಕನ ಬರಹವನ್ನು ಎರಡು ಸಲ ಓದಿದೆನು. ಅವಳ ಕಣ್ಣೀರಿನ ವಿಷಯದಲ್ಲಿ ನನಗೆ ಗೌರವವಲ್ಲದೆ ಬೇರೊಂದು ಭಾವವಿಲ್ಲ. ಆದರೆ ನಡೆಯುವವಳಿಗೆ ಆದ ಚಿತ್ತಶುದ್ಧಿಯು ರೋಗಿಗೆ ಆದ ಉಪಕಾರವೆಂದು ಎಣಿಸುವುದನ್ನು ನಾನು ಒಪ್ಪಲಾರೆನು. ಡೇರೆ, ಊಟ, ಲಾರಿ, ರಸ್ತೆಯ ಕಾವಲು, ಪ್ರಚಾರ, ಇವೆಲ್ಲ ಕೊಟ್ಟವರ ಹಣದಿಂದಲೋ ಆ ಹೆಸರಿನಲ್ಲಿ ಲಾಭ ಕಾಣುವ ವ್ಯಾಪಾರಿಗಳ ಹಣದಿಂದಲೋ ನಡೆಯಬೇಕಾದವು.

ಡೇರೆಗಳ ಆ ಗುಲಾಬಿ ಬಣ್ಣ ಬಂದ ಬಗೆಯನ್ನೇ ನೋಡೋಣ. ತೊಂಬತ್ತರ ದಶಕದ ಆದಿಯಲ್ಲಿ, ಕ್ಯಾಲಿಫೋರ್ನಿಯದಲ್ಲಿಯೇ, ಷಾರ್ಲಟ್ ಹೇಲಿ ಎಂಬ ವೃದ್ಧೆಯೊಬ್ಬಳು ತನ್ನ ಊಟದ ಕೋಣೆಯಲ್ಲಿ ಕುಳಿತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ನುಗಳನ್ನು ಕೈಯಾರೆ ಮಾಡಿ, ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಯವ್ಯಯದಲ್ಲಿ ಶೇಕಡಾ 5 ಮಾತ್ರ ರೋಗ ಬಾರದಂತೆ ತಡೆಯುವ ಕೆಲಸಕ್ಕೆ ಹೋಗುತ್ತಿದೆಯೆಂದು ಚೀಟಿಯಲ್ಲಿ ಅಚ್ಚುಹಾಕಿಸಿ ಹಂಚುತ್ತಿದ್ದಳು. ಒಂದು ಪತ್ರಿಕೆಯವರು ಆ ರಿಬ್ಬನ್ನನ್ನು ತಮಗೆ ಕೊಡೆಂದಾಗ, ನಿಮ್ಮದು ವ್ಯಾಪಾರವೆಂದು ನಿರಾಕರಿಸಿದಳು. ಅವರು ಬಣ್ಣವನ್ನು ಬದಲಿಸಿದರು. 1992ರಲ್ಲಿ ಗುಲಾಬಿ ರಿಬ್ಬನ್ ಹುಟ್ಟಿತು. ಬಣ್ಣದೊಡನೆ ಅವಳ ಪ್ರಶ್ನೆಯೂ ಮಾಸಿಹೋಯಿತೆಂಬುದೇ ನನ್ನ ವ್ಯಥೆ. 2010ರಲ್ಲಿ ಹುರಿದ ಕೋಳಿಯ ಡಬ್ಬಿಗೂ ಆ ಗುಲಾಬಿ ಬಣ್ಣವೇ ಬಂದಿತು, ಅದೂ ಕೋಮೆನ್ ಸಂಸ್ಥೆಯ ಒಪ್ಪಿಗೆಯಿಂದ.

ಗೆದ್ದವರಿಗೆ ಬೂಟು ಎತ್ತುತ್ತಾರೆ, ಸರಿ. ಎಲುಬಿಗೂ ಶ್ವಾಸಕೋಶಕ್ಕೂ ರೋಗ ಹರಡಿದವಳು, ತಾನು ಗೆಲ್ಲುವುದಿಲ್ಲವೆಂದು ಬಲ್ಲವಳು, ಆ ಸಂಭ್ರಮದಲ್ಲಿ ಎಲ್ಲಿ ನಿಲ್ಲಬೇಕು? ಅಮೆರಿಕದಲ್ಲಿ ಇಂದಿಗೂ ವರ್ಷಕ್ಕೆ 40,000ಕ್ಕೂ ಮಿಕ್ಕ ಹೆಂಗಸರು ಸಾಯುವುದು ಬಹುಮಟ್ಟಿಗೆ ಹೀಗೆ ಹರಡಿದ ರೋಗದಿಂದಲೇ. ಅವಳಿಗೆ 60 ಮೈಲಿಯಿರಲಿ, ಬಚ್ಚಲವರೆಗೆ ಹೋಗಿಬರುವುದೂ ದೂರದ ಹಾದಿ.

ಇನ್ನು ಚಿಕ್ಕಮ್ಮನ ವಿಷಯ. ಅವಳು ಲಜ್ಜೆಯಿಂದ ಬಾಯಿಬಿಡಲಿಲ್ಲವೆಂದು ಅಕ್ಕ ತಿಳಿದಿದ್ದಾಳೆ. ಅಕ್ಕ ದೂರದಲ್ಲಿದ್ದಳು, ನಾನು ಹತ್ತಿರದಲ್ಲಿದ್ದೆನು. ತನ್ನ ಮಗಳ ಮದುವೆಯ ಮರುದಿನ, ಅಂಗಳದಲ್ಲಿ ಚಪ್ಪರ ಬಿಚ್ಚುತ್ತಿದ್ದಾಗ, ನನ್ನನ್ನು ಉಗ್ರಾಣದೊಳಕ್ಕೆ ಕರೆದು, ಬಾಗಿಲನ್ನು ಮುಂದುಮಾಡಿ, ಚಿಕ್ಕಮ್ಮ ತಾನಾಗಿಯೇ ಸೆರಗು ಸರಿಸಿ ತೋರಿಸಿದಳು. ‘ಮೊದಲೇ ಹೇಳಿದ್ದರೆ ಇದ್ದ ದುಡ್ಡೆಲ್ಲ ಆಸ್ಪತ್ರೆಗೆ ಸುರಿಯುತ್ತಿದ್ದರಲ್ಲೇ’ ಎಂದಳು. ಅದು ಏನೆಂಬುದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿದ್ದಿತು. ತಿಳಿವಳಿಕೆಯ ಕೊರತೆಯಿಂದ ಅವಳು ಸಾಯಲಿಲ್ಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಪ್ರಯೋಗವೊಂದರಲ್ಲಿ, 1,51,538 ಹೆಂಗಸರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು, ಯಂತ್ರವಿಲ್ಲ, ಆಡಂಬರವಿಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿದ್ದಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲವೆಂಬುದನ್ನೂ ಅವರು ಮುಚ್ಚಿಡಲಿಲ್ಲ. ನಡೆಯಬೇಕಾದರೆ ಹೀಗೆ ಮನೆಯಿಂದ ಮನೆಗೆ ನಡೆಯಬೇಕು.

ಈ ವರ್ಷ ಅಕ್ಕನ ಕೋರಿಕೆಯ ಪತ್ರ ಬಂದಾಗ ನಾನು ಹಣ ಕಳುಹಿಸಲಿಲ್ಲ. ಅದೇ ಮೊತ್ತವನ್ನು, ಚಿಕಿತ್ಸೆಗೆಂದು ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ನಮ್ಮ ಬೀದಿಯ ಹೆಂಗಸೊಬ್ಬಳ ಬಸ್ಸಿನ ಖರ್ಚಿಗೂ, ಅವಳು ಇಲ್ಲದ ದಿನಗಳಲ್ಲಿ ಅವಳ ಮಗನ ಊಟಕ್ಕೂ ಕೊಟ್ಟೆನು. ಅಕ್ಕನಿಗೆ ನೋವಾಗಿರಬೇಕು, ಅವಳ ಉತ್ತರ ಇನ್ನೂ ಬಂದಿಲ್ಲ.